ಕಂಟ್ರೋಲ್ ಹಾಕದೆ ಕೊಟ್ಟ ರಿಪೋರ್ಟ್

ಬೇಲೂರಿನ ಒಂದು ಖಾಸಗಿ ಆಸ್ಪತ್ರೆಗೆ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿ ಆಗ ಹನ್ನೊಂದು ವರ್ಷವಾಗಿತ್ತು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಟ್ರೋಪೋನಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಅದನ್ನು ಅಳೆಯುವ ಯಂತ್ರ ನಮ್ಮಲ್ಲಿಗೆ ಹೊಸದಾಗಿ ಬಂದಿತ್ತು. ಪರೀಕ್ಷೆಗೆ ಬಳಸುವ ಕಿಟ್‌ನಲ್ಲಿರುವ ಎಂಜೈಮ್ ಒಂದು ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಿ ಬೆಳಕು ಹೊಮ್ಮಿಸುತ್ತದೆ. ಕಣ್ಣಿಗೆ ಕಾಣದಷ್ಟು ಕ್ಷೀಣವಾದ ಆ ಬೆಳಕನ್ನು ಯಂತ್ರ ಅಳೆಯುತ್ತದೆ. ಟ್ರೋಪೋನಿನ್ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು.

ಒಂದು ಸೋಮವಾರ ಬೆಳಿಗ್ಗೆ ಹೋದಾಗ ಲ್ಯಾಬಿನ ಫ್ರಿಜ್ ಕೆಟ್ಟು ನಿಂತಿತ್ತು. ಕಿಟ್ ಮುಟ್ಟಿದರೆ ತಣ್ಣಗಿರಲಿಲ್ಲ. ಅಂಥ ಹೊತ್ತಿನಲ್ಲಿ ಮೊದಲು ಕಂಟ್ರೋಲ್, ಅಂದರೆ ಟ್ರೋಪೋನಿನ್ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಮಾದರಿಯನ್ನು ಹಾಕಿ ನೋಡಬೇಕು. ಅಷ್ಟರಲ್ಲಿ ಬಸ್ತಿಹಳ್ಳಿಯ ಟೈಲರ್ ನಂಜಪ್ಪನವರ ರಕ್ತ ಬಂತು. ಎದೆ ಹಿಂಡುತ್ತದೆ ಎಂದು ಬಂದಿದ್ದರು. ಇಸಿಜಿಯಲ್ಲಿ ಏನೂ ಸ್ಪಷ್ಟವಿರಲಿಲ್ಲ. ಡಾಕ್ಟರು ಎರಡು ಸಲ ಫೋನ್ ಮಾಡಿದರು. ಕಂಟ್ರೋಲ್ ಆಮೇಲೆ ಹಾಕಿದರಾಯಿತು ಎಂದುಕೊಂಡು ನಂಜಪ್ಪನವರ ರಕ್ತವನ್ನೇ ಹಾಕಿದೆ.

ನಾರ್ಮಲ್ ಬಂತು. ರಿಪೋರ್ಟ್ ಕೊಟ್ಟೆ.

"ನಾನ್ ಹೇಳಿರ್ಲಿಲ್ವೇನವ್ವಾ, ಬರೀ ಗ್ಯಾಸು ಅಂತ? ಸ್ಕೂಲ್ ಯೂನಿಫಾರಂ ರಾಶಿ ಬಿದ್ದೈತೆ, ಬತ್ತೀನಿ," ಎಂದು ನಂಜಪ್ಪ ನಗುತ್ತ ಹೊರಟರು.

ಬೇರೆ ರಿಪೋರ್ಟುಗಳನ್ನೆಲ್ಲ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಕಂಟ್ರೋಲ್ ಹಾಕಿದೆ. ಬರಬೇಕಾದ ಬೆಳಕಿನಲ್ಲಿ ಕಾಲು ಭಾಗವೂ ಬರಲಿಲ್ಲ. ಶಾಖಕ್ಕೆ ಎಂಜೈಮ್ ಸತ್ತಿತ್ತು. ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರು ನನ್ನೆದುರಿಗೇ ನಂಜಪ್ಪನವರಿಗೆ ಫೋನ್ ಮಾಡಿದರು. ಎತ್ತಿದ್ದು ಅವರ ಹೆಂಡತಿ ಲಕ್ಷ್ಮಮ್ಮ.

"ಮಿಷನ್ ಮೇಲೆ ತಲೆ ಇಟ್ಕಂಡವ್ರೆ ಸಾ, ಎಷ್ಟ್ ಕೂಗಿದ್ರೂ ಏಳ್ತಾ ಇಲ್ಲ."

ಆಂಬುಲೆನ್ಸ್ ತಲುಪುವಾಗ ಜೀವ ಹೋಗಿತ್ತು.

ತಿಥಿ ಮುಗಿದ ಮೇಲೆ ಅವರ ಮನೆಗೆ ಹೋದೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ.

"ಹಾಸನಕ್ ಹೋಗಿ ತೋರ್ಸಣ ಅಂದೆ ಕಣವ್ವ. ನಿಮ್ ಚೀಟಿ ಮುಂದಿಟ್ಟು ನನ್ ಬಾಯಿ ಮುಚ್ಚಿಸಿದ್ರು," ಎಂದರು ಲಕ್ಷ್ಮಮ್ಮ. ಬೈಯಲಿಲ್ಲ. ಕೂತ್ಕೊಳ್ಳಿ ಎಂದೂ ಅನ್ನಲಿಲ್ಲ.

ನಾನು ಕೆಲಸ ಬಿಡಲಿಲ್ಲ. ಕಂಟ್ರೋಲ್ ಸರಿ ಬರುವ ತನಕ ಯಾರು ಎಷ್ಟೇ ಅವಸರ ಮಾಡಿದರೂ "ಇನ್ನೂ ಗೊತ್ತಿಲ್ಲ" ಎನ್ನುವುದನ್ನು ಕಲಿತಿದ್ದೇನೆ. ಹೃದಯಕ್ಕೆ ಪೆಟ್ಟಾಗದಿದ್ದರೂ ಬೆಳಕು ಕಡಿಮೆ, ಎಂಜೈಮ್ ಸತ್ತಿದ್ದರೂ ಕಡಿಮೆ. ಯಂತ್ರಕ್ಕೆ ಎರಡೂ ಒಂದೇ. ಇದು ನನಗೆ ತರಬೇತಿಯ ಮೊದಲ ವಾರದಿಂದಲೇ ತಿಳಿದಿತ್ತು. ತಿಳಿದೂ ಕೊಟ್ಟ ರಿಪೋರ್ಟ್ ಅದು.