ಮುದ್ದೆ ತಿರುವುವ ಎತ್ತರ

ಆ ಮಣೆಯ ಮಾತೆತ್ತಿದರೆ ನಮ್ಮ ಮನೆಯಲ್ಲಿ ಈಗಲೂ ನಗುತ್ತಾರೆ. ಸೊಸೆ ಬಡಗಿಯಾದ ಕಥೆ ಎನ್ನುತ್ತಾರೆ. ನನಗೆ ಮಾತ್ರ ಇಷ್ಟು ವರ್ಷವಾದರೂ ಮೈ ಉರಿಯುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ನಗುವವರು ಓದಿಕೊಂಡು ಆಮೇಲೆ ನಗಲಿ.

ನನ್ನ ತವರು ರಾಯದುರ್ಗ. ಮದುವೆಯಾಗಿ ಮಡಕಶಿರಾಕ್ಕೆ ಬಂದದ್ದು ಮದರಾಸು ಸರ್ಕಾರದ ಕಾಲದಲ್ಲಿ. ಎರಡೂ ಊರು ಅದೇ ಸರ್ಕಾರದ ಕೈಕೆಳಗೆ, ಆದರೆ ಮಾತು ಬೇರೆ, ಊಟ ಬೇರೆ. ನಾನು ‘ಹೌದ್ರಿ’ ಅಂದರೆ ಸಾಕು, ಅಕ್ಕಪಕ್ಕದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ತವರಿನಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ ತಟ್ಟುತ್ತಿದ್ದವಳಿಗೆ ಇಲ್ಲಿ ಎರಡು ಹೊತ್ತೂ ರಾಗಿಮುದ್ದೆ. ಮನೆಯ ಮುಂಭಾಗದಲ್ಲಿ ಮಾವನ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ಬಾಗಿಲು. ಅಂಗಡಿ ತೆರೆದಿರುವಾಗ ಹೆಂಗಸರು ಆ ಬಾಗಿಲು ದಾಟುವಂತಿರಲಿಲ್ಲ.

ಅತ್ತೆಗೆ ಮಂಡಿನೋವು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಡುಗೆ ಮಾಡಿ, ಏಳುವಾಗ ಗೋಡೆ ಹಿಡಿದು, ಹಲ್ಲು ಕಚ್ಚಿ, ಅರ್ಧಕ್ಕೆ ನಿಂತು ಉಸಿರು ತೆಗೆದುಕೊಂಡು ಮತ್ತೆ ಏಳುತ್ತಿದ್ದರು. ಹಾಗೆ ಒಮ್ಮೆ ಎದ್ದರೆ ಮುಗಿಯಿತೇ? ಮಾವ ಒಳಗೆ ಬಂದಾಗಲೆಲ್ಲ ಎದ್ದು ನಿಲ್ಲಬೇಕು. ಅವರು ನೀರಿಗೆ ಬಂದರೂ ಏಳಬೇಕು, ಎಲೆ ಅಡಿಕೆಗೆ ಬಂದರೂ ಏಳಬೇಕು. ಮಾವ ಬೇಕೆಂದೇ ಬರುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಹೆಂಡತಿ ಏಳುವಾಗ ಅವರ ಮುಖ ಹೇಗಾಗುತ್ತದೆ ಎನ್ನುವುದು ಮಾವನಿಗೆ ಕಾಣುತ್ತಲೇ ಇರಲಿಲ್ಲ, ನನ್ನ ಸಿಟ್ಟೆಲ್ಲ ಅದಕ್ಕೇ.

ಹಿಂದಿನ ಕಾಲದ ಹೆಂಗಸರು ನೆಲದ ಮೇಲೆ ಕೂತು ಕೆಲಸ ಮಾಡಿ ಎಷ್ಟು ಗಟ್ಟಿಯಾಗಿದ್ದರು ಎಂದು ಈಗಿನವರು ಹೊಗಳುವುದನ್ನು ಕೇಳಿದ್ದೇನೆ. ಹೊಗಳುವವರಲ್ಲಿ ಒಬ್ಬರೂ ಒಲೆ ಮುಂದೆ ಕೂತವರಲ್ಲ.

ಎತ್ತರದ ಒಂದು ಮಣೆ ಇದ್ದಿದ್ದರೆ ಸಾಕಿತ್ತು. ಅಂಗಡಿಯಲ್ಲಿ ಮಾವನಿಗೆ ಕೈಯಿರುವ ಕುರ್ಚಿ ಇತ್ತು, ನನ್ನ ಗಂಡನಿಗೆ ತಕ್ಕಡಿಯ ಪಕ್ಕ ಮೆತ್ತೆ ಇತ್ತು. ಬಡಗಿಗೆ ಹೇಳಿ ಒಂದು ಮಣೆ ಮಾಡಿಸಿಕೊಡಿ ಎಂದು ಗಂಡನ ಬಾಯಿಂದ ಕೇಳಿಸಿದೆ. ಮಾವ ಒಳಗಿನವರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದರು.

“ಹೆಂಗಸ್ರು ಒಲೆ ಮುಂದೆ ಎತ್ತರಕ್ಕೆ ಹತ್ತಿ ಕೂತ್ರೆ, ನಾಳೆ ನಾನು ಒಳಕ್ಕೆ ಬಂದಾಗ ಎದ್ದೇಳೋರು ಯಾರು? ನಮ್ಮವ್ವ ಸಾಯೋಗಂಟ ನೆಲದ ಮೇಲೇ ಕೂತು ಬೇಯ್ಸಿ ಹಾಕಿದ್ಳು.”

ಗಂಡ ತಕ್ಕಡಿಯ ಕಡೆ ಹೋದರು. ಅತ್ತೆ ಏನೂ ಕೇಳಿಸದವರ ಹಾಗೆ ಸೊಪ್ಪು ಸೋಸುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ನಾನೇ ಮಾಡುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದೆ. ಸುತ್ತಿಗೆಯಲ್ಲಿ ಬೆಲ್ಲ ಒಡೆದದ್ದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ ನನಗೆ.

ಆಗ ಸೀಮೆಎಣ್ಣೆ ಡಬ್ಬಗಳು ಜೋಡಿಯಾಗಿ ಹಲಗೆಯ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಖಾಲಿ ಪೆಟ್ಟಿಗೆಗಳು ಸೌದೆಗಾಗಿ ಹಿತ್ತಲಲ್ಲಿ ಬಿದ್ದಿರುತ್ತಿದ್ದವು. ಮಾವ ಅಮರಾಪುರದ ಕಡೆ ಕಡಲೆಕಾಯಿ ನೋಡಲು ಹೋದ ದಿನ ಒಂದು ಪೆಟ್ಟಿಗೆ ಬಿಚ್ಚಿದೆ. ಕಿತ್ತ ಮೊಳೆಗಳನ್ನು ಒರಳುಕಲ್ಲಿನ ಅಂಚಿಗಿಟ್ಟು ಬಡಿದು ನೆಟ್ಟಗೆ ಮಾಡಿದೆ. ಗರಗಸವನ್ನು ನನ್ನ ಗಂಡ ಯಾರದೋ ಮನೆಯಿಂದ ಪಂಚೆಯಲ್ಲಿ ಸುತ್ತಿಕೊಂಡು ತಂದರು. “ಅಪ್ಪಯ್ಯಂಗೆ ಗೊತ್ತಾಗ್ಬಾರ್ದು” ಎಂದು ಕೊಟ್ಟು ಅಂಗಡಿಗೆ ಓಡಿದರು. ಅವರ ಪಾಲಿನ ಕೆಲಸ ಅಷ್ಟೇ, ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಹಲಗೆಯ ತೀರ ತುದಿಗೆ ಮೊಳೆ ಹೊಡೆದರೆ ಸೀಳುತ್ತದೆ ಎಂದು ನನಗೆ ಹೇಳುವವರು ಯಾರಿದ್ದರು? ಒಂದು ಹಲಗೆ ಸೀಳಿತು. ಆ ಸಿಟ್ಟಿಗೆ ಇನ್ನೊಂದಕ್ಕೆ ಜೋರಾಗಿ ಹೊಡೆದೆ, ಅದೂ ಸೀಳಿತು. ಆಮೇಲೆ ತುದಿ ಬಿಟ್ಟು ಸ್ವಲ್ಪ ಒಳಗೆ ಹೊಡೆಯುವುದನ್ನು ಕಲಿತೆ. ಎರಡು ಹಲಗೆ ಎದುರುಬದುರು ನಿಲ್ಲಿಸಿ ಮೇಲೊಂದು ಹಲಗೆ ಬಡಿದರೆ ಕುಡಿದವನ ಹಾಗೆ ಆ ಕಡೆ ಈ ಕಡೆ ವಾಲಿತು. ನಡುವೆ ಒಂದು ಅಡ್ಡಪಟ್ಟಿ ಬಡಿದ ಮೇಲೆ ನಿಂತಿತು. ಗೇಣೆತ್ತರದ ಮಣೆ. ನಾನೇ ಕೂತು ನೋಡಿದೆ, ಹಾಯೆನಿಸಿತು.

ಮರುದಿನ ಅತ್ತೆ ಅದರ ಮೇಲೆ ಕೂತು ಮುದ್ದೆ ತಿರುವಿದರು. ಮುದ್ದೆ ಗಂಟುಗಂಟಾಯಿತು. ಮಾವ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಎದ್ದುಹೋದರು. ಮಣೆಯನ್ನು ನಾನು ಅಷ್ಟರಲ್ಲಿ ಸೌದೆಯ ಹಿಂದೆ ಸೇರಿಸಿದ್ದೆ. ಅತ್ತೆ ಹಿಟ್ಟು ಸರಿಯಿಲ್ಲ ಎಂದು ತಪ್ಪನ್ನು ರಾಗಿಯ ಮೇಲೆ ಹಾಕಿದರು. ಆಮೇಲೆ ನನ್ನೊಬ್ಬಳಿಗೇ ಹೇಳಿದರು.

“ನೀನು ರೊಟ್ಟಿ ತಟ್ಟೋಳು ಕಣಮ್ಮ. ರೊಟ್ಟಿಗೆ ತಗ್ಗಿನಾಗೆ ಕೂತ್ರೆ ಸರಿ. ಮುದ್ದೆಗೆ ಮೇಲಿಂದ ಭಾರ ಬೀಳ್ಬೇಕು. ಕುಕ್ಕರಗಾಲಾಗಿದ್ರೆ ಮೈಯೆಲ್ಲ ಮುಂದಕ್ಕೆ ವಾಲಿಸಿ ಕೋಲಿನ ಮೇಲೆ ಬೀಳ್ತೀವಿ. ಇದ್ರ ಮೇಲೆ ಕೂತ್ರೆ ಬರೀ ರಟ್ಟೆನಾಗೆ ತಿರುವ್ಬೇಕು, ಆಗಲ್ಲ.”

ನಾನು ನನ್ನ ತವರಿನ ರೊಟ್ಟಿಗೆ ಅಳತೆ ಹಿಡಿದು ಮಣೆ ಮಾಡಿದ್ದೆ. “ಎಷ್ಟು ಎತ್ತರ ಬೇಕ್ರಿ ಅತ್ತೆಮ್ಮ?” ಎಂದು ಕೇಳಿದರೆ ಅವರು ನನ್ನ ಮುಖ ನೋಡಿದರು. ತಮಗೆ ಎಷ್ಟು ಎತ್ತರ ಬೇಕು ಎಂದು ಆ ಮನೆಯಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿ, ಖಾಲಿ ಪಾತ್ರೆ ಮುಂದಿಟ್ಟು, ಕೈಗೆ ಮುದ್ದೆಕೋಲು ಕೊಟ್ಟು ಕೂರಿಸಿದೆ. ಅವರು ಸರಿ ಅಂದ ಎತ್ತರಕ್ಕೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದೆ.

ಎತ್ತರಕ್ಕೆ ಪೆಟ್ಟಿಗೆಯ ಹಲಗೆ ತಡೆಯುವುದಿಲ್ಲ. ಹಿತ್ತಲಲ್ಲಿ ಮುರಿದ ಗಾಡಿಯ ಜಾಲಿಮರದ ಗೂಟಗಳಿದ್ದವು, ಮಾವ ಊರಲ್ಲಿಲ್ಲದ ದಿನ ನೋಡಿ ಅವನ್ನೇ ಕಾಲು ಮಾಡಿದೆ. ಜಾಲಿಗೆ ಮೊಳೆ ಇಳಿಯಲಿಲ್ಲ, ಹೊಡೆದಷ್ಟೂ ಬಾಗಿತು. ಕೊನೆಗೆ ಕಬ್ಬಿಣದ ಸರಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ತೂತು ಸುಟ್ಟೆ. ಮರದ ಜೊತೆ ಹೆಬ್ಬೆರಳೂ ಸುಟ್ಟಿತು. ಮಾವನನ್ನು, ಗಂಡನನ್ನು, ಆ ಗಾಡಿ ಮಾಡಿದವನನ್ನು ಮನಸ್ಸಿನಲ್ಲೇ ಬೈಯುತ್ತ ಹಲಗೆಗೆ ನಾಲ್ಕು ಕಾಲು ಕೂಡಿಸಿ, ಸುತ್ತ ಪಟ್ಟಿ ಬಡಿದೆ. ನೋಡಲು ಚೆಂದವಿರಲಿಲ್ಲ. ಅಲ್ಲಾಡುತ್ತಿರಲಿಲ್ಲ.

ಅತ್ತೆ ಕೂತರು, ತಿರುವಿದರು. ಮುದ್ದೆ ಬೆಣ್ಣೆಯ ಹಾಗೆ ಬಂತು. ಆಮೇಲೆ ಗೋಡೆ ಮುಟ್ಟದೆ ಎದ್ದರು. ನಂಬಿಕೆ ಬಾರದೆ ಮತ್ತೆ ಕೂತು ಮತ್ತೆ ಎದ್ದರು, ನಕ್ಕರು. ನಾನು ಆ ಮನೆಗೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನೋಡಿರಲಿಲ್ಲ.

ಕೆಲವು ದಿನ ಮುಚ್ಚಿಟ್ಟೆವು, ಆದರೆ ಒಂದು ಬೆಳಿಗ್ಗೆ ಮಾವ ನೋಡಿಬಿಟ್ಟರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಅತ್ತೆಯನ್ನು ಕೈಸನ್ನೆಯಿಂದ ಏಳಿಸಿ, ತಾವು ಕೂತು, ಆಚೀಚೆ ಅಲ್ಲಾಡಿಸಿ ನೋಡಿದರು. “ಗಟ್ಟಿಯಾಗೈತೆ. ಗಿರಾಕಿ ಕೂರಕ್ಕೆ ಸರಿಹೋಯ್ತು” ಎಂದು ಎತ್ತಿಕೊಂಡು ಅಂಗಡಿಗೆ ಹೋದರು. ಅತ್ತೆ ಮತ್ತೆ ಗೋಡೆ ಹಿಡಿದು ನೆಲಕ್ಕೆ ಇಳಿದರು. “ಹೋಗ್ಲಿ ಬಿಡಮ್ಮ” ಅಂದರು.

ಬಾಗಿಲ ಸಂದಿಯಲ್ಲಿ ನಿಂತೆ. ಯಾರೋ ತೆಲುಗಿನ ಗಿರಾಕಿ ನನ್ನ ಮಣೆಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತಿದ್ದ. “ಪೀಟ ಬಾಗುಂದಿ, ಎವರು ಚೇಸಿನಾರು?” ಎಂದು ಮಣೆಯನ್ನು ಹೊಗಳಿ, ಯಾರು ಮಾಡಿದ್ದೆಂದು ಕೇಳಿದ. ಮಾವ ಮೀಸೆಯಲ್ಲೇ ನಕ್ಕು ಮಗನ ಕಡೆ ತೋರಿಸಿದರು. “ಮಾ ಅಬ್ಬಾಯೇ ಚೇಸಿನಾಡು.” ನಮ್ಮ ಹುಡುಗನೇ ಮಾಡಿದ್ದಂತೆ! ಗರಗಸ ತಂದುಕೊಟ್ಟವರು ಬಡಗಿಯಾಗಿಬಿಟ್ಟರು. ಅಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನನ್ನ ಗಂಡ ತಕ್ಕಡಿಯ ಮುಳ್ಳು ನೋಡುತ್ತ ಕೂತರು.

ನಾನು ಬಾಗಿಲು ದಾಟಿದೆ.

“ಏಳ್ರಿ” ಅಂದೆ ಗಿರಾಕಿಗೆ. ಅವನು ಗಾಬರಿಯಾಗಿ ಎದ್ದ.

“ಏನಮ್ಮ ಇದು?” ಎಂದರು ಮಾವ.

“ಇದು ಅತ್ತೆಮ್ಮಂದು ರೀ. ಮಾಡಿದಾಕಿ ನಾನು. ನಿಮ್ಮ ಮಗ ಅಲ್ಲ.”

ಮಣೆ ಎತ್ತಿಕೊಂಡು ಒಳಗೆ ಬಂದು ಒಲೆಯ ಮುಂದೆ ಕುಕ್ಕಿದೆ. ಅತ್ತೆಯ ಮುಖ ಬಿಳಿಚಿತ್ತು. ಆದರೆ ಎಸರು ಕುದಿದು ಹಿಟ್ಟು ಬಿದ್ದಾಗಿತ್ತು, ತಿರುವದೆ ಬಿಟ್ಟರೆ ತಳ ಹಿಡಿಯುತ್ತದೆ. ಅವರು ಕೂತರು. ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು ತಿರುವತೊಡಗಿದರು.

ಮಾವ ಹಿಂದೆಯೇ ಬಂದು ಹೊಸ್ತಿಲ ಮೇಲೆ ನಿಂತರು. ಹೆಂಡತಿ ಎದ್ದ ಮೇಲೆ ಮಾತಾಡುವುದು ಅವರ ರೂಢಿ. ಕಾದರು. ಅತ್ತೆ ಕೋಲನ್ನು ಇನ್ನೊಂದು ಸುತ್ತು ತಿರುಗಿಸಿದರು, ಆಮೇಲೆ ಮತ್ತೊಂದು.

“ಮುದ್ದೆ ತಿರುವ್ತಿದೀನಿ” ಅಂದರು ತಲೆ ಎತ್ತದೆ. “ಈಗ ಏಳಕ್ಕಾಗಲ್ಲ. ಕೈಕಾಲು ತೊಳ್ಕೊಂಡು ಬನ್ನಿ.”

ಮಾವ ಬಚ್ಚಲ ಕಡೆ ಹೋದರು. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಆ ಹೆಂಗಸು ಅಷ್ಟು ವರ್ಷ ನೋವು ನುಂಗಿ ಎದ್ದು ನಿಲ್ಲುತ್ತಿದ್ದದ್ದು, ಇಷ್ಟು ಮಾತಿಗೆ ಹೊರಟುಹೋಗುವ ಗಂಡಸಿಗೆ.