ಎಲ್ಲ ಸರಿಹೋಯಿತು ಅಂತ

ಎಣ್ಣೆಯ ಬೆಲೆ ಕುಸಿದ ಆ ವರ್ಷ ಮಸ್ಕತ್ತಿನ ನಮ್ಮ ಹೋಟೆಲಿನಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಒಂದೇ ಶಬ್ದಕ್ಕೆ: ಖಲಾಸ್. ಒಮಾನಿ ಮ್ಯಾನೇಜರು ಊಟ ಮುಗಿದರೂ ಖಲಾಸ್ ಎನ್ನುತ್ತಿದ್ದರು, ಫೈಲಿಗೆ ಸಹಿಯಾದರೂ ಖಲಾಸ್, ಕೆಲಸದಿಂದ ತೆಗೆದರೂ ಖಲಾಸ್. ಯಾವುದೆಂದು ಮುಖ ನೋಡಿ ತಿಳಿಯಬೇಕು. ನನಗೋ ಮುಖ ಓದುವ ವಿದ್ಯೆ ಹುಟ್ಟಿನಿಂದಲೇ ಬಾರದು.

ನಾನು ಕಾರ್ಯಕ್ರಮ ವಿಭಾಗದ ಗುಮಾಸ್ತ. ಲೌಂಜಿನಲ್ಲಿ ಸ್ವೀಡನ್ನಿನ ಮುದುಕರೊಬ್ಬರು ಡಬಲ್ ಬೇಸ್ ನುಡಿಸುತ್ತಿದ್ದರು, ಆಳೆತ್ತರದ ತಂತಿವಾದ್ಯ. ಹಡಗಿನ ಬ್ಯಾಂಡಿನಲ್ಲಿ ಶುರುಮಾಡಿ ನಲವತ್ತು ವರ್ಷ ಜಾಝ್ ನುಡಿಸಿದವರು, ಸ್ವಂತ ರಚನೆಗಳನ್ನೂ ಮಾಡಿದವರು. ಅಷ್ಟನ್ನೂ ಎಂಟು ಸಾಲಿಗೆ ಇಳಿಸಿ ಕರಪತ್ರ ಮಾಡಿದವನು ನಾನೇ. ಖರ್ಚು ಉಳಿಸಲು ಪಿಯಾನೊದವನನ್ನೂ ಡ್ರಮ್ಮಿನವನನ್ನೂ ಆಗಲೇ ಊರಿಗೆ ಕಳಿಸಿದ್ದರು.

"ಜೀವಮಾನವಿಡೀ ಇನ್ನೊಬ್ಬರ ಹಿಂದೆ ನಿಂತೆ. ಈಗ ಮುಂದೆ ತಳ್ಳಿಬಿಟ್ಟರು," ಎಂದು ಅವರು ನಗುತ್ತಿದ್ದರು.

ಒಂದು ಮಧ್ಯಾಹ್ನ ಮ್ಯಾನೇಜರು ಅವರೆದುರೇ ಒಪ್ಪಂದದ ಕಾಗದ ಮಡಚಿ, ಖಲಾಸ್ ಎಂದು ಹೊರಟುಹೋದರು. ಬಿಡಿಸಿ ಹೇಳುವ ಕೆಲಸ ನನ್ನದು. ಒಪ್ಪಂದ ಮುರಿದ ಪತ್ರವನ್ನು ಟೈಪು ಮಾಡಿದ್ದೂ ನಾನೇ.

"ಏನಂದರು?" ಮುದುಕರು ಕೇಳಿದರು.

ಪತ್ರವಿದ್ದ ಫೈಲನ್ನು ಮುಚ್ಚಿದೆ. "ಎಲ್ಲ ಸರಿಹೋಯಿತು ಅಂತ," ಎಂದೆ.

ಸಂಜೆ ಕೊನೆಯ ಐಟಮ್ಮಿಗೆ ಮೊದಲು ಅವರು ಮೈಕ್ ಹಿಡಿದರು. "ಇದು ಇವತ್ತೇ ಹೊಳೆದದ್ದು. ಹೆಸರು ಖಲಾಸ್. ನನ್ನ ಗೆಳೆಯ ಹೇಳಿದ, ಎಲ್ಲ ಸರಿಹೋಯಿತು ಎಂದು ಅರ್ಥವಂತೆ."

ಮುಂದಿನ ಮೇಜುಗಳಲ್ಲಿ ನಗು ಎದ್ದಿತು. ಮ್ಯಾನೇಜರು ನನ್ನತ್ತ ತಿರುಗಿದರು. ಏನು ನುಡಿಸಿದರೋ ದೇವರೇ ಬಲ್ಲ, ಒಂದು ಸ್ವರವೂ ನನ್ನ ಕಿವಿಗೆ ಬೀಳಲಿಲ್ಲ.

ವಾದ್ಯಕ್ಕೆ ಗವಸು ಹಾಕುತ್ತಿದ್ದಾಗ ಹತ್ತಿರ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ. ಜಿಪ್ಪನ್ನು ಅರ್ಧಕ್ಕೆ ನಿಲ್ಲಿಸಿ, "ಅದಕ್ಕೇ ನಕ್ಕರೇ?" ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಆ ನಾಚಿಕೆ ನನಗೆ ಇಂದಿಗೂ ಹೋಗಿಲ್ಲ.

ಮುದುಕರು ಊರಿಗೆ ಹೊರಟ ವಾರವೇ ಮ್ಯಾನೇಜರು ನನ್ನ ಮೇಜಿನ ಬಳಿ ನಿಂತು, ಪಕ್ಕದಲ್ಲಿದ್ದ ಉಳ್ಳಾಲದ ಬ್ಯಾರಿ ಸಹೋದ್ಯೋಗಿಯೊಡನೆ ಅರಬ್ಬಿಯಲ್ಲಿ ಏನೋ ಮಾತಾಡಿದರು. ನನಗೆ ತಿಳಿದದ್ದು ಕೊನೆಯ ಶಬ್ದ ಮಾತ್ರ: ಖಲಾಸ್.

ಮ್ಯಾನೇಜರು ಅತ್ತ ಹೋದ ಮೇಲೆ ಅವನನ್ನು ಕೇಳಿದೆ, "ಏನಂದ್ರು?"

"ಎಂಥದ್ದೂ ಇಲ್ಲ ಮಾರಾಯ್ರೆ. ಎಲ್ಲ ಸರಿ ಉಂಟು."

ಅವನ ಕಣ್ಣು ಕೀಬೋರ್ಡಿನ ಮೇಲಿತ್ತು. ಆ ಒಂದು ಮುಖ ಮಾತ್ರ ನನಗೆ ಓದಲು ಬಂತು.