ಲೂಸಿ ಮಾವ್ಶಿಗೆ ಬಂದ ಕರೆ

ಆಗಷ್ಟೇ ಆರಿದ ಮೇಣದಬತ್ತಿಯಿಂದ ಏಳುವ ತೆಳು ಹೊಗೆಯ ವಾಸನೆ ಎಲ್ಲಿ ಮೂಗಿಗೆ ತಾಗಿದರೂ ನನಗೆ ಹಬ್ಬುವಾಡದ ಮನೆ ನೆನಪಾಗುತ್ತದೆ. ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ ಕೇಕಿನ ಮೇಲಿನ ಬತ್ತಿಗಳನ್ನು ಊದಿ ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ನಾನು ಸುಮ್ಮನೆ ನಿಂತುಬಿಡುತ್ತೇನೆ. ಕೆಂಪು ಸಿಮೆಂಟಿನ ತಣ್ಣನೆಯ ನೆಲ, ಉಪ್ಪುಗಾಳಿಗೆ ಉಬ್ಬಿ ಸರಿಯಾಗಿ ಮುಚ್ಚದ ಬಾಗಿಲು, ಗೋಡೆಯ ಮರದ ಪೀಠದ ಮೇಲೆ ಒಂದು ಕೈ ಮುರಿದ ಮಾತೆಯ ಪ್ರತಿಮೆ, ಅದರ ಮುಂದೆ ಮೊಣಕಾಲೂರಿದ ಮೂವರು ಹೆಂಗಸರು. ಮುಂದೆ ನನ್ನ ಅಜ್ಜಿ, ಅವಳ ಹಿಂದೆ ನನ್ನ ಅಮ್ಮ, ಪಕ್ಕದಲ್ಲಿ ಅಮ್ಮನ ತಂಗಿ ಲೂಸಿ ಮಾವ್ಶಿ. ಅಪ್ಪನಿಗೆ ಗೋವಾದಲ್ಲಿ ಕೆಲಸ, ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ. ಆದ್ದರಿಂದ ನನ್ನ ಬಾಲ್ಯದ ಮನೆಯೆಂದರೆ ಈ ಮೂವರ ದನಿಗಳೇ. ಇವತ್ತು ಆ ಜಾಗದಲ್ಲಿ ಯಾರದೋ ಎತ್ತರದ ಕಟ್ಟಡವಿದೆ. ಕಾರವಾರಕ್ಕೆ ಹೋದರೂ ನಾನು ಆ ಬೀದಿಗೆ ಹೋಗುವುದಿಲ್ಲ.

ಲೂಸಿ ಮಾವ್ಶಿ ಹಸುಗೂಸಾಗಿದ್ದಾಗ ಜ್ವರ ನೆತ್ತಿಗೇರಿ ಕಣ್ಣು ಮೇಲಾಗಿತ್ತಂತೆ. ಆಗ ಮನೆ ಅರ್ಗಾದಲ್ಲಿತ್ತು. ಅಜ್ಜಿ ಮಗುವನ್ನು ಅಂಗಳದ ಶಿಲುಬೆಯ ಬುಡದಲ್ಲಿ ಮಲಗಿಸಿ, ಇದನ್ನು ಉಳಿಸಿಕೊಟ್ಟರೆ ನಿನಗೇ ಕೊಡುತ್ತೇನೆ ಎಂದು ಹರಕೆ ಹೊತ್ತಳು. ಮಗು ಉಳಿಯಿತು. ಅಂದಿನಿಂದ ಅವಳು ಮುಂದೆ ಸನ್ಯಾಸಿನಿಯರ ಕಾನ್ವೆಂಟು ಸೇರಿ ಸಿಸ್ಟರ್ ಆಗುವವಳೆಂಬುದು ನೆಂಟರಿಷ್ಟರಿಗೆಲ್ಲ ಗೊತ್ತಿದ್ದ ವಿಷಯವಾಗಿತ್ತು. ಮದುವೆಮನೆಗಳಲ್ಲಿ ಅವಳಿಗೆ ಯಾರೂ ಗಂಡು ತೋರಿಸುತ್ತಿರಲಿಲ್ಲ. ಆಮೇಲೆ ನೌಕಾನೆಲೆಗಾಗಿ ಅರ್ಗಾದ ಮನೆ ಬಿಟ್ಟು ಹಬ್ಬುವಾಡಕ್ಕೆ ಬರಬೇಕಾಯಿತು. ನಾನಾಗ ತೀರ ಚಿಕ್ಕವಳು. ಬಾಗಿಲು ತೆಗೆದರೆ ಸಮುದ್ರ ಕಾಣುತ್ತಿದ್ದ ಜಾಗದಿಂದ, ಪಕ್ಕದ ಮನೆಯ ಗೋಡೆ ಕಾಣುವ ಜಾಗಕ್ಕೆ ಬಂದು ಬಿದ್ದ ಅಜ್ಜಿ ಆ ನಷ್ಟಕ್ಕೆ ತನ್ನದೇ ಕಾರಣ ಕಂಡುಕೊಂಡಿದ್ದಳು. ಹರಕೆ ತೀರಿಸಲು ತಡಮಾಡಿದ್ದಕ್ಕೆ ದೇವರು ಮನೆ ತೆಗೆದುಕೊಂಡ. ಇನ್ನೂ ತಡಮಾಡಿದರೆ ಬೇರೇನು ತೆಗೆದುಕೊಳ್ಳುತ್ತಾನೋ. ಹೀಗೆ ಅವಳು ಬಾಯಿಬಿಟ್ಟು ಹೇಳಿದ್ದು ಕಡಿಮೆ. ಆದರೆ ಜಪಸರ ಎಣಿಸುವಾಗ ಅವಳ ಕಣ್ಣು ಮಾತೆಯ ಪ್ರತಿಮೆಯನ್ನು ಬಿಟ್ಟು ಮಾವ್ಶಿಯ ಬೆನ್ನಿನ ಮೇಲೆ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ.

ಮಾವ್ಶಿ ನರ್ಸಿಂಗ್ ಕಲಿತು ಅಂಕೋಲೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಕಾನ್ವೆಂಟಿಗೆ ಸೇರುವ ಮಾತು ಗಟ್ಟಿಯಾದಾಗ ಅವಳು ನಮ್ಮ ಇಗರ್ಜಿಯ ವಯಸ್ಸಾದ ಫಾದರ್ ಹತ್ತಿರ ಹೋದಳು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಫಾದರ್ ಮನೆಯ ಜಗಲಿಯಲ್ಲಿ ಒಣಗಲು ಹಾಕಿದ ಹುಣಸೆಹಣ್ಣಿನ ಹುಳಿವಾಸನೆ ಇತ್ತು. "ದೇವರ ಕರೆ ನಂದಾ, ನನ್ನ ಮಾಯ್‌ದಾ, ಹೇಗೆ ಗೊತ್ತಾಗ್ತದೆ ಫಾದರ್?" ಎಂದು ಮಾವ್ಶಿ ಕೇಳಿದಳು. ಮಾಯ್ ಎಂದರೆ ನಮ್ಮಲ್ಲಿ ತಾಯಿ. ಫಾದರ್ ಮೊಣಕಾಲು ನೀವಿಕೊಂಡರು. "ದೇವರು ಕೂಗಿ ಹೇಳೂದು ಕಡಿಮೆ ಮಗಾ. ದಿನಾ ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಕೂತ್ಕೋ. ಶುಭಸಂದೇಶದಿಂದ ಯೇಸುವಿನ ಒಂದು ಕತೆ ಓದಿ ಅದರೊಳಗೆ ನೀನೂ ಹೋಗಿ ನಿಂತ್ಕೋ. ಸಂಜೆ ಮಲಗೂ ಮೊದ್ಲು ಇಡೀ ದಿನ ತಿರುಗಿ ನೋಡು. ಮನಸ್ಸು ಎಲ್ಲಿ ಒಣಗಿತ್ತು, ಎಲ್ಲಿ ಹಸಿಯಾಯ್ತು, ಅಷ್ಟೇ ನೋಡು. ಅವಸರ ಮಾಡ್ಬೇಡ."

ಹಾಗೆ ಶುರುವಾಯಿತು ನಮ್ಮ ಸಂಜೆಯ ಅಭ್ಯಾಸ. ನಮ್ಮ ಎನ್ನಲು ಕಾರಣ, ಮಾವ್ಶಿ ಎಲ್ಲಿ ಕೂತರೂ ನಾನು ಅವಳ ಸೀರೆಯಂಚು ಹಿಡಿದು ಕೂರುತ್ತಿದ್ದೆ. ಹಿತ್ತಿಲ ಬಟ್ಟೆಕಲ್ಲಿನ ಮೇಲೆ, ಅಮ್ಮ ಬಂಗಡೆ ಸಾರಿಗೆ ಕೊಬ್ಬರಿ ಅರೆಯುವ ಸದ್ದು ಕೇಳುತ್ತಿರುವಾಗ, ಅವಳು ಕಣ್ಣು ಮುಚ್ಚುತ್ತಿದ್ದಳು. ನಾನೂ ಮುಚ್ಚುತ್ತಿದ್ದೆ. ಕುರುಡನೊಬ್ಬ ದಾರಿಬದಿಯಲ್ಲಿ ಕೂಗುವ ಕತೆಯಲ್ಲಿ ನಾನು ಯಾವಾಗಲೂ ಗುಂಪಿನ ಮುಂದೆ, ಯೇಸುವಿನ ಪಕ್ಕದಲ್ಲೇ ನಿಲ್ಲುತ್ತಿದ್ದೆ. "ನೀನು ಎಲ್ಲಿ ನಿಂತೆ ಮಾವ್ಶಿ?" ಎಂದು ಕೇಳಿದರೆ, "ಆ ಕುರುಡನ ಹಿಂದೆ. ಅವನ ಬೆನ್ನು ತುಂಬ ಗಾಯ ಇತ್ತು ಬಾಯ್," ಎಂದಳು. ನಮ್ಮಲ್ಲಿ ಹೆಣ್ಣುಮಗುವನ್ನು ಮುದ್ದಿನಿಂದ ಕರೆಯುವುದು ಬಾಯ್ ಎಂದು. ಗಾಯದ ಮಾತು ಆ ಕತೆಯಲ್ಲಿ ಇಲ್ಲವೆಂದು ನನಗೆ ಗೊತ್ತಿತ್ತು. ಆಮೇಲೆ ದಿನದ ಲೆಕ್ಕ. ಶಾಲೆಯಲ್ಲಿ ಗೆಳತಿ ಅರ್ಧ ಪೇರಳೆ ಕೊಟ್ಟಳೆಂದು ನಾನು ಹೇಳುತ್ತಿದ್ದೆ. ಅವಳು ಮೊದಮೊದಲು ಏನೂ ಹೇಳುತ್ತಿರಲಿಲ್ಲ. ಕಾನ್ವೆಂಟಿನ ಬಗ್ಗೆ ಯೋಚಿಸಿದಾಗೆಲ್ಲ ಬಾಯಲ್ಲಿ ಮರಳು ತುಂಬಿದ ಹಾಗಾಗುತ್ತದೆ ಎಂದು ಒಮ್ಮೆ ಅಮ್ಮನ ಹತ್ತಿರ ಅಂದಿದ್ದಳು.

ಆ ವರ್ಷಗಳಲ್ಲಿ ಏಡ್ಸ್ ಎಂಬ ಆ ರೋಗದ ಹೆಸರನ್ನು ನಮ್ಮಲ್ಲಿ ಯಾರೂ ದನಿಯೆತ್ತಿ ಹೇಳುತ್ತಿರಲಿಲ್ಲ. ಸುಂಕಸಾಳದ ನಾಗವೇಣಿ ಎಂಬ ಹೆಂಗಸಿನ ಗಂಡ ಲಾರಿ ಓಡಿಸುತ್ತಿದ್ದ, ಆ ರೋಗದಲ್ಲೇ ತೀರಿಕೊಂಡಿದ್ದ. ಅವಳಿಗೂ ಅದೇ ಹತ್ತಿತ್ತು. ಅವಳನ್ನು ಅಂಕೋಲೆಯ ಆಸ್ಪತ್ರೆಯಲ್ಲಿ ಜಗಲಿಯ ಕೊನೆಗೆ, ಹಳೆಯ ಮಂಚಗಳನ್ನು ಪೇರಿಸಿಟ್ಟ ಮೂಲೆಯಲ್ಲಿ ಮಲಗಿಸಿದ್ದರು. ಊಟದ ತಟ್ಟೆಯನ್ನು ಕಾಲಿನಿಂದ ಅವಳ ಕಡೆ ತಳ್ಳುತ್ತಿದ್ದರಂತೆ. ಒಂದು ಸಂಜೆ ಬಟ್ಟೆಕಲ್ಲಿನ ಮೇಲೆ ಕೂತು ಮಾವ್ಶಿ ತಾನಾಗಿಯೇ ಹೇಳಿದಳು. "ಇವತ್ತು ನಾಗವೇಣಿಗೆ ತಲೆ ತೊಳೆಸಿದೆ ಬಾಯ್. ಕೂದಲೆಲ್ಲ ಗಂಟು. ಬಿಡಿಸ್ತಾ ಬಿಡಿಸ್ತಾ ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ." ಅವಳ ಮುಖ ಬೆಳಗಿತೆಂದು ಬರೆದರೆ ಸುಳ್ಳಾಗುತ್ತದೆ. ಅವಳು ಹೆದರಿದ್ದಳು. ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಆದರೂ ಫಾದರ್ ಹೇಳಿದಂತೆ ಅವಸರ ಮಾಡಲಿಲ್ಲ. ಗೋವಾದ ಒಂದು ಕಾನ್ವೆಂಟಿನಲ್ಲಿ ನಡೆದ ಮೌನದ ಧ್ಯಾನಕೂಟಕ್ಕೆ ಹೋಗಿ ಬಂದಳು. ಬಂದ ದಿನ ಭಾನುವಾರ. ಇಗರ್ಜಿಯ ಪೂಜೆ ಮುಗಿಸಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದೆವು. ಅಜ್ಜಿ ಅಪರೂಪಕ್ಕೆ ನಗುನಗುತ್ತ ಅವಳ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕಿ, "ಯಾವಾಗ ಬಾ ಅಂದ್ರು ಸಿಸ್ಟರ್‌ಗಳು?" ಎಂದಳು.

"ನಾ ಹೋಗೂದಿಲ್ಲ ಮಾಯ್. ಅಲ್ಲಿ ನಂಗೆ ಕರೆ ಇಲ್ಲ."

"ಮತ್ತೆ ಎಲ್ಲಿ ಅದೆ?"

"ಸುಂಕಸಾಳದಲ್ಲಿ. ನಾಗವೇಣಿ ಮನೇಲಿ. ಅವಳ ಹಾಗಿನವ್ರು ಮತ್ತೂ ಇದ್ದಾರೆ, ನೋಡ್ಕೊಳ್ಳೋರು ಇಲ್ಲ."

ಅಜ್ಜಿ ಎಡಗೈಯಿಂದ ತಟ್ಟೆ ಸರಿಸಿದಳು. ಕೂಗಾಡಲಿಲ್ಲ. "ದೇವರ ಮುಂದೆ ನನ್ನನ್ನು ಸುಳ್ಳಿ ಮಾಡಿದೆ ನೀನು," ಎಂದಳು. "ಅರ್ಗಾದಲ್ಲಿ ನಿನ್ನನ್ನ ಎತ್ಕೊಂಡು ಅತ್ತವಳು ನಾನು. ಆ ರೋಗದವ್ರ ಹೇಲು ಬಾಚೂಕೆ ಉಳಿಸ್ಕೊಂಡೆನಾ?" ಮಾವ್ಶಿ ತಲೆ ತಗ್ಗಿಸಿ, "ಅದಕ್ಕೇ ಇರಬೇಕು ಮಾಯ್," ಎಂದಳು. ಆ ಮಾತು ಬಿದ್ದ ಮೇಲೆ ಅಜ್ಜಿ ಮತ್ತೆ ಅವಳ ಜೊತೆ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಮಾವ್ಶಿ ಒಂದು ಚೀಲ ಹಿಡಿದು ಹೊರಟ ದಿನ ಅಜ್ಜಿ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಮಲಗಿದ್ದಳು.

ಸುಂಕಸಾಳದಲ್ಲಿ, ಯಲ್ಲಾಪುರದ ಹೆದ್ದಾರಿಗೆ ತಾಗಿದ ಎರಡು ಕೋಣೆಯ ಮನೆ. ಲಾರಿಗಳು ಹೋದಾಗ ಹೆಂಚಿನಿಂದ ಧೂಳು ಉದುರುತ್ತಿತ್ತು. ಅಮ್ಮನ ಜೊತೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಚಾಪೆಯ ಮೇಲೆ ಮಲಗಿದ ಹೆಂಗಸರು ಒಂದು ಸಲ ಇದ್ದವರು ಇನ್ನೊಂದು ಸಲ ಇರುತ್ತಿರಲಿಲ್ಲ. ನೆರೆಯವರು ಬಾವಿಯ ನೀರು ಮುಟ್ಟಗೊಡದ್ದರಿಂದ ಮಾವ್ಶಿ ಹಳ್ಳದಿಂದ ಹೊತ್ತು ತರುತ್ತಿದ್ದಳು. ಸತ್ತವರನ್ನು ಸಾಗಿಸಲು ಜನ ಸಿಗದೆ ಒಮ್ಮೆ ಅವಳೂ ನಾಗವೇಣಿಯೂ ಸೇರಿ ಕೈಗಾಡಿ ತಳ್ಳಿಕೊಂಡು ಹೋದರೆಂದು ಕೇಳಿದೆ. ಆ ಹೊತ್ತಿಗೆ ಸರಕಾರಿ ಆಸ್ಪತ್ರೆಯಲ್ಲಿ ಆ ರೋಗಕ್ಕೆ ಪುಕ್ಕಟೆ ಮಾತ್ರೆ ಸಿಗತೊಡಗಿತ್ತು. ಮಾವ್ಶಿಯೇ ಹಿಂದೆ ಬಿದ್ದು ನಾಗವೇಣಿಗೆ ಅದನ್ನು ಶುರುಮಾಡಿಸಿದಳು. ನಾಗವೇಣಿಯ ಕೆನ್ನೆ ತುಂಬಿಕೊಳ್ಳುತ್ತ ಬಂತು. ಮಾವ್ಶಿಯ ಕೆನ್ನೆ ಇಳಿಯುತ್ತ ಬಂತು. ಮಲಗಿದವರ ಕೆಮ್ಮಿನಿಂದ ಅವಳಿಗೆ ಕ್ಷಯ ಹತ್ತಿತ್ತು. ನೆಗಡಿ ಎಂದು ಹೇಳುತ್ತಲೇ ಅವಳು ತಡಮಾಡಿದಳು. ಗೊತ್ತಾಗಿ ಔಷಧಿ ಕೊಡತೊಡಗಿದಾಗ ಅದು ನಾಟಲಿಲ್ಲ.

ಕೊನೆಯ ಸಲ ನಾನು ಹೋದಾಗ ಮಳೆಗಾಲ ಮುಗಿದು ಎಳೆಬಿಸಿಲು ಬಂದಿತ್ತು. ಅವಳನ್ನು ಜಗಲಿಯಲ್ಲಿ ಮಲಗಿಸಿದ್ದರು. ನನ್ನನ್ನು ದೂರ ಕೂರಲು ಹೇಳಿ, ಬಾಯಿಗೆ ಬಟ್ಟೆ ಹಿಡಿದು ಮಾತಾಡಿದಳು. ನಾನು ದೊಡ್ಡವಳಾಗಿದ್ದೆ, ಹೈಸ್ಕೂಲು ಮುಗಿಯುತ್ತಿತ್ತು. ಕೇಳಬೇಕೆನಿಸಿದ್ದನ್ನು ಕೇಳಿಬಿಟ್ಟೆ. "ಮಾವ್ಶಿ, ನಿಂಗೆ ಈಗ್ಲೂ ಕರೆ ಕೇಳ್ತದಾ?"

ಅವಳು ರಸ್ತೆಯ ಕಡೆ ನೋಡುತ್ತ ಉಸಿರು ಕೂಡಿಸಿಕೊಂಡಳು. "ಇಲ್ಲ ಬಾಯ್. ಯಾವಾಗ್ಲೋ ನಿಂತುಹೋಯ್ತು. ಕಣ್ಣು ಮುಚ್ಚಿದ್ರೆ ಬರೇ ಕಪ್ಪು. ಮೊದ್ಲು ಹೆದರಿಕೆ ಆಗ್ತಿತ್ತು, ತಪ್ಪಿ ಬಂದ್ನೇನೋ ಅಂತ." ಕೆಮ್ಮು ಬಂತು. ಅದು ಇಳಿಯುವವರೆಗೆ ನಾನು ಕಾದೆ. "ಆದ್ರೆ ಬೆಳಗಾದ್ರೆ ಒಳಗಿಂದ ಯಾರೋ ಒಬ್ಬರು 'ಅಕ್ಕಾ' ಅಂತಾರೆ. ನಾ ಏಳ್ತೆ. ಅಷ್ಟೇ."

ಕ್ರಿಸ್‌ಮಸ್ಸಿಗೆ ಮೊದಲೇ ಅವಳು ಹೋದಳು. ಪೆಟ್ಟಿಗೆಯನ್ನು ಮುಚ್ಚಿಯೇ ಕಾರವಾರಕ್ಕೆ ತಂದರು. ತೆರೆಯಿರಿ ಎಂದು ಅಜ್ಜಿ ಕೇಳಲಿಲ್ಲ. ಗೋರಿಗೆ ಎಲ್ಲರೂ ಹಿಡಿಮಣ್ಣು ಹಾಕುವಾಗ ಅಜ್ಜಿಯ ಮುಷ್ಟಿ ಬಿಚ್ಚಲೇ ಇಲ್ಲ. ಅಮ್ಮ ಮಣಿಕಟ್ಟು ಹಿಡಿದು ಬೆರಳುಗಳನ್ನು ಬಿಡಿಸಬೇಕಾಯಿತು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ನಾಗವೇಣಿ ವಿಳಾಸ ಹುಡುಕಿಕೊಂಡು ಹಬ್ಬುವಾಡಕ್ಕೆ ಬಂದಳು. ಹೊಸಿಲಾಚೆ ನಿಂತವಳನ್ನು ಅಮ್ಮ ಒಳಗೆ ಕರೆದು ಕುರ್ಚಿ ಕೊಟ್ಟಳು. ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಮೈಕೈ ತುಂಬಿಕೊಂಡ, ಎಣ್ಣೆ ಹಚ್ಚಿ ಬಾಚಿದ ಕೂದಲಿನ ಆರೋಗ್ಯವಂತ ಹೆಂಗಸು. ಅಜ್ಜಿ ಅವಳನ್ನು ನೆತ್ತಿಯಿಂದ ಪಾದದವರೆಗೆ ನೋಡಿದಳು. ಮಗಳು ಏನು ಕೊಟ್ಟು ಏನು ಉಳಿಸಿದಳೆಂದು ತೂಗುವಂಥ ಆ ನೋಟ ನನಗೆ ಇಂದಿಗೂ ಸಹಿಸಲಾಗುವುದಿಲ್ಲ. ಆಮೇಲೆ ಅಜ್ಜಿ ಕೇಳಿದಳು. "ಹೋಗುವಾಗ ನನ್ನ ಹೆಸರು ಹೇಳಿದ್ಳಾ?"

ಹೌದೆಂದು ಹೇಳಿಬಿಡಬಹುದಿತ್ತು. ನಾಗವೇಣಿ ಸೆರಗು ಹಿಂಡುತ್ತ ಅಮ್ಮನ ಮುಖ ನೋಡಿದಳು, ನೆಲ ನೋಡಿದಳು. "ಇಲ್ರಾ ಅಮ್ಮಾ. ಒಳಗೆ ಒಬ್ಬಳು ಹೆಂಗ್ಸು ಮಲಗಿದ್ಳು, ಅವಳಿಗೆ ಗಂಜಿ ಆಯ್ತಾ ಅಂತ ಕೇಳಿದ್ರು. ಮತ್ತೆ ಮಾತಾಡ್ಲಿಲ್ಲ."

ಅಜ್ಜಿಯ ತುಟಿಗಳು ಅಲುಗಿದವು. ಶಪಿಸುತ್ತಾಳೆಂದುಕೊಂಡೆ.

"ಆಗಿತ್ತಾ?" ಎಂದಳು ಅಜ್ಜಿ.

"ಏನು ಅಮ್ಮಾ?"

"ಗಂಜಿ."

"ಆಗಿತ್ರಾ. ನಾನೇ ಕುಡ್ಸಿದ್ದೆ."

ಅಜ್ಜಿ ತಲೆಯಾಡಿಸಿ ಎದ್ದು ಒಳಗೆ ಹೋದಳು. ಮಾವ್ಶಿಯ ಬಗ್ಗೆ ಅವಳು ಮತ್ತೆ ಯಾರ ಹತ್ತಿರವೂ ಏನನ್ನೂ ಕೇಳಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವಳೂ ತೀರಿಕೊಂಡಳು. ಅಷ್ಟರಲ್ಲಿ ಮಾವ್ಶಿಯ ಪಕ್ಕದ ಜಾಗ ಬೇರೆಯವರಿಗೆ ಹೋಗಿತ್ತು. ಅಜ್ಜಿಯನ್ನು ಸ್ಮಶಾನದ ಇನ್ನೊಂದು ತುದಿಯಲ್ಲಿ, ನೀರು ನಿಂತ ಗುಂಡಿಯಿಂದ ಬಕೆಟ್ಟಿನಲ್ಲಿ ನೀರು ಎತ್ತಿ ಹಾಕಿ ಮಣ್ಣು ಮಾಡಿದೆವು. ತಾಯಿ ಮಗಳ ನಡುವೆ ಈಗ ನಮಗೆ ಪರಿಚಯವಿಲ್ಲದವರು ಎಷ್ಟೋ ಮಂದಿ ಮಲಗಿದ್ದಾರೆ.